ಕೆಲಸ ಬದಲಾಗುವಾಗ ಜನರನ್ನು ಜೊತೆಗಿಟ್ಟುಕೊಳ್ಳುವುದು ಹೇಗೆ? ಕರಾವಳಿಯ ಸಂಸ್ಥೆಗಳಿಗೊಂದು ಮಾರ್ಗದರ್ಶಿ

ಮಂಗಳೂರು, ಉಡುಪಿ ಕಡೆಯ ಸಂಸ್ಥೆಗಳಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ. "ನಮ್ಮಲ್ಲಿ ಹದಿನೈದು, ಇಪ್ಪತ್ತು ವರ್ಷದಿಂದ ಇರುವವರಿದ್ದಾರೆ. ಯಾರೂ ಬಿಟ್ಟು ಹೋಗುವುದಿಲ್ಲ." ಮಾಲೀಕರು ಹೆಮ್ಮೆಯಿಂದ ಹೇಳುತ್ತಾರೆ, ಹೆಮ್ಮೆ ಪಡುವ ವಿಷಯವೇ. ಆದರೆ ಸಿಬ್ಬಂದಿ ವಿಭಾಗದ ಕೆಲಸ ಮಾಡುವ ನನಗೆ ಆಗೆಲ್ಲ ಇನ್ನೊಂದು ಪ್ರಶ್ನೆ ಕೇಳಬೇಕು ಅನಿಸುತ್ತದೆ. ಅವರು ಯಾಕೆ ಇದ್ದಾರೆ?

ವಯಸ್ಸಾದ ಅಪ್ಪ ಅಮ್ಮ ಮನೆಯಲ್ಲಿದ್ದಾರೆ. ಸ್ವಲ್ಪ ಅಡಿಕೆ ತೋಟ ಇದೆ. ಮಕ್ಕಳ ಶಾಲೆ ಹತ್ತಿರ. ಬೆಂಗಳೂರಿನ ಬಾಡಿಗೆ ಕೊಟ್ಟು ಬದುಕುವುದು ಬೇಡ. ಇವೆಲ್ಲ ಜನರನ್ನು ಊರಿಗೆ ಕಟ್ಟಿಹಾಕುತ್ತವೆ, ನಿಮ್ಮ ಸಂಸ್ಥೆಗೆ ಅಲ್ಲ. ಎಲ್ಲ ಮೊದಲಿನ ಹಾಗೆ ನಡೆಯುವಷ್ಟು ದಿನ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಹೊಸ ಮೆಷಿನ್ ಬಂತು, ಹೊಸ ಸಾಫ್ಟ್‌ವೇರ್ ಬಂತು, ಶಿಫ್ಟ್ ಬದಲಾಯಿತು, ಧಣಿಯ ಮಗ ಚಾರ್ಜ್ ತೆಗೆದುಕೊಂಡ ಅಂದಾಗ ಗೊತ್ತಾಗುತ್ತದೆ. ಅದೇ ಜನ, ಅದೇ ಕುರ್ಚಿ, ಆದರೆ ಕೆಲಸ ಮುಂದೆ ಹೋಗುವುದಿಲ್ಲ.

ಬದಲಾವಣೆ ಈ ಊರಿಗೆ ಹೊಸದೇನೂ ಅಲ್ಲ. 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್, 1925ರಲ್ಲಿ ಅಲ್ಲೇ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ಮಂಗಳೂರಿನಲ್ಲಿ ಶುರುವಾದ ವಿಜಯಾ ಬ್ಯಾಂಕ್, ಈ ಮೂರರ ಬೋರ್ಡೂ ಈಗ ಇಲ್ಲ. ವಿಜಯಾ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾ ಬ್ಯಾಂಕಿಗೂ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೂ ಸೇರಿದವು, ಅದೂ ಲಾಕ್‌ಡೌನ್ ಶುರುವಾಗಿ ಒಂದು ವಾರ ಆಗಿದ್ದಾಗ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಈ ಬ್ಯಾಂಕುಗಳಲ್ಲಿ ದುಡಿದವರಿದ್ದಾರೆ. ಕೆಲಸ ಹೋಗದಿದ್ದರೂ ಕೆಲಸದ ಹೆಸರು, ಸಿಸ್ಟಮ್, ಮೇಲಧಿಕಾರಿ, ಎಲ್ಲ ಒಟ್ಟಿಗೆ ಬದಲಾದರೆ ಹೇಗಿರುತ್ತದೆ ಎಂದು ಅವರನ್ನು ಕೇಳಿ ನೋಡಿ.

ಈ ಬರಹ ಇಪ್ಪತ್ತರಿಂದ ಇನ್ನೂರು ಜನ ಇರುವ ಸಂಸ್ಥೆಗಳಿಗೆ. ಬೈಕಂಪಾಡಿಯ ಫ್ಯಾಕ್ಟರಿ ಇರಬಹುದು, ಮಣಿಪಾಲದ ಸಣ್ಣ ಸಾಫ್ಟ್‌ವೇರ್ ಕಂಪೆನಿ ಇರಬಹುದು, ಆಸ್ಪತ್ರೆ, ಹೋಟೆಲ್, ಸಹಕಾರಿ ಸಂಘ ಇರಬಹುದು. ದೊಡ್ಡ ಹೆಚ್.ಆರ್. ವಿಭಾಗ ಇಲ್ಲದ ಕಡೆಯೂ ಮಾಡಬಹುದಾದದ್ದನ್ನು ಮಾತ್ರ ಬರೆದಿದ್ದೇನೆ.

ಮೊದಲ ಹೆಜ್ಜೆ: ಯಾರು ಯಾಕೆ ಇದ್ದಾರೆ ಎಂದು ತಿಳಿದುಕೊಳ್ಳಿ

ಕೆನಡಾದ ಸಂಶೋಧಕರಾದ ಜಾನ್ ಮೇಯರ್ ಮತ್ತು ನಟಾಲಿ ಆಲೆನ್ 1991ರಲ್ಲಿ ಸಂಸ್ಥೆಯ ಜೊತೆಗಿನ ನಂಟನ್ನು ಮೂರು ಬಗೆಯಾಗಿ ನೋಡಿದರು. ಒಂದು ಮನಸ್ಸಿನ ನಂಟು: ಈ ಕೆಲಸ, ಈ ಜಾಗ ನನಗೆ ಇಷ್ಟ, ಅದಕ್ಕೆ ಇದ್ದೇನೆ. ಎರಡನೆಯದು ಲೆಕ್ಕಾಚಾರದ್ದು: ಬಿಟ್ಟರೆ ನಷ್ಟ ಜಾಸ್ತಿ, ಬೇರೆ ಕಡೆ ಸಿಗುವುದು ಕಷ್ಟ, ಅದಕ್ಕೆ ಇದ್ದೇನೆ. ಮೂರನೆಯದು ಋಣದ್ದು: ಕಷ್ಟಕಾಲದಲ್ಲಿ ಕೈ ಹಿಡಿದವರು, ಬಿಟ್ಟು ಹೋಗುವುದು ಸರಿಯಲ್ಲ. ಒಬ್ಬರಲ್ಲೇ ಮೂರೂ ಸ್ವಲ್ಪ ಸ್ವಲ್ಪ ಇರಬಹುದು. ಆಮೇಲೆ ಬಂದ ಅನೇಕ ಅಧ್ಯಯನಗಳಲ್ಲಿ ಕಂಡದ್ದು ಏನೆಂದರೆ, ಚೆನ್ನಾಗಿ ಕೆಲಸ ಮಾಡುವುದಕ್ಕೆ, ಕೇಳದೆಯೂ ಒಂದು ಕೈ ಹಾಕುವುದಕ್ಕೆ ಮೊದಲನೆಯ ನಂಟೇ ಜಾಸ್ತಿ ಕಾರಣ. ಎರಡನೆಯದು ಜನರನ್ನು ಉಳಿಸುತ್ತದೆ, ಅಷ್ಟೇ.

ನಮ್ಮ ಕಡೆ ಮೂರನೆಯದು, ಋಣದ ನಂಟು, ಬಹಳ ಗಟ್ಟಿ. ಮಗಳ ಮದುವೆಗೆ ಅಡ್ವಾನ್ಸ್ ಕೊಟ್ಟ ಧಣಿ, ಆಸ್ಪತ್ರೆ ಬಿಲ್ ಕಟ್ಟಿದ ಧಣಿ, ಮನೆ ಒಕ್ಕಲಿಗೆ ಬಂದು ಊಟ ಮಾಡಿ ಹೋದ ಧಣಿ. ಇದರ ಬೆಲೆ ನಾನು ಕಡಿಮೆ ಮಾಡುವುದಿಲ್ಲ. ಆದರೆ ಈ ಋಣ ಒಬ್ಬ ಮನುಷ್ಯನ ಜೊತೆಗಿನದ್ದು. ಅಪ್ಪ ಹಿಂದೆ ಸರಿದು ಮಗ ಕುರ್ಚಿಯಲ್ಲಿ ಕೂತ ದಿನ ಅದು ತಾನಾಗಿ ಮಗನ ಹೆಸರಿಗೆ ಬರುವುದಿಲ್ಲ. ಎರಡನೇ ತಲೆಮಾರು ನಡೆಸುವ ಸಂಸ್ಥೆಗಳು ಇದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು.

ಮಾಡಬೇಕಾದದ್ದು ಇಷ್ಟು. ಒಂದು ಹಾಳೆಯಲ್ಲಿ ಎಲ್ಲರ ಹೆಸರು ಬರೆಯಿರಿ. ಪಕ್ಕದಲ್ಲಿ, ಇವರು ಇರುವುದಕ್ಕೆ ಮುಖ್ಯ ಕಾರಣ ಯಾವುದು ಎಂದು ನಿಮಗೆ ಅನಿಸಿದ್ದನ್ನು ಬರೆಯಿರಿ. ಗೊತ್ತಿಲ್ಲದಿದ್ದರೆ ಖಾಲಿ ಬಿಡಿ. ಅವರ ಮೇಲಿನ ಸೂಪರ್‌ವೈಸರ್ ಜೊತೆ ಕೂತು ಮತ್ತೊಮ್ಮೆ ನೋಡಿ. ಖಾಲಿ ಜಾಗ ಎಷ್ಟಿದೆ ಎನ್ನುವುದೇ ನಿಮಗೆ ಮೊದಲ ಪಾಠ. ಈ ಹಾಳೆ ಫೈಲಿಗೆ ಹೋಗಬಾರದು, ಇನ್‌ಕ್ರಿಮೆಂಟ್ ಮಾಡುವಾಗ ಮೇಜಿನ ಮೇಲೆ ಬರಬಾರದು. ಯಾರಿಗೆ ಯಾವ ಮಾತು ಮೊದಲು ಹೇಳಬೇಕು ಎಂದು ನೀವು ಯೋಚಿಸಲಿಕ್ಕೆ ಮಾತ್ರ ಇರುವುದು ಅದು.

ಎರಡನೇ ಹೆಜ್ಜೆ: ಹೇಳುವ ಮೊದಲು ಬರೆದಿಟ್ಟುಕೊಳ್ಳಿ

ಏನು ಬದಲಾಗುತ್ತದೆ, ಯಾಕೆ, ಯಾವತ್ತಿನಿಂದ, ಯಾರಿಗೆ. ಈ ನಾಲ್ಕಕ್ಕೆ ನಿಮ್ಮಲ್ಲೇ ಸ್ಪಷ್ಟ ಉತ್ತರ ಇಲ್ಲದಿದ್ದರೆ ಸಭೆ ಕರೆಯಬೇಡಿ. ಐದನೆಯದೂ ಒಂದಿದೆ, ಅದನ್ನೇ ಎಲ್ಲರೂ ಬಿಡುವುದು: ಏನು ಬದಲಾಗುವುದಿಲ್ಲ. ಸಂಬಳ ಬರುವ ದಿನ, ಪಿ.ಎಫ್., ಹಳೆಯ ರಜೆ ಬಾಕಿ, ಬೋನಸ್. ಇವು ಹಾಗೇ ಇರುವುದಾದರೆ ಅದನ್ನು ಬಾಯಿಬಿಟ್ಟು ಹೇಳಿ. ನಿಮಗೆ ಅದು ಹೇಳಬೇಕಾಗಿಯೇ ಇಲ್ಲದ ವಿಷಯ, ಕೇಳುವವರಿಗೆ ರಾತ್ರಿ ನಿದ್ದೆ ಬರುವ ವಿಷಯ.

ಇದರಲ್ಲಿ ಕಾನೂನಿನ ಒಂದು ಭಾಗವೂ ಇದೆ. ಕಾರ್ಮಿಕರ ಸಂಬಳ, ಕೆಲಸದ ಹೊತ್ತು, ಶಿಫ್ಟ್, ರಜೆ, ರೂಢಿಯಿಂದ ಕೊಡುತ್ತಿದ್ದ ಸವಲತ್ತು, ಇಂಥವನ್ನು ಬದಲಾಯಿಸುವ ಮೊದಲು ನೋಟಿಸ್ ಕೊಟ್ಟು 21 ದಿನ ಕಾಯಬೇಕು. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಇದ್ದ ನಿಯಮ ಇದು, 2020ರ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಉಳಿದಿದೆ. ಕೆಲವು ವಿನಾಯಿತಿಗಳಿವೆ, ನಿಮ್ಮ ಕಾರ್ಮಿಕ ಸಲಹೆಗಾರರನ್ನು ಕೇಳಿ. ಹೊತ್ತಿಗೆ ಕೊಡುವ ಚಹಾ ನಿಲ್ಲಿಸುವುದು ಕೂಡ ಸಣ್ಣ ವಿಷಯ ಅಲ್ಲ ಎಂದು ಕಾನೂನೇ ಹೇಳಿದ ಹಾಗಾಯಿತು. ಆ 21 ದಿನವನ್ನು ಸುಮ್ನೆ ಕಳೆಯಬೇಕಾದ ಗಡುವು ಎಂದು ನೋಡಬೇಡಿ. ಮಾತಾಡಲಿಕ್ಕೆ ಸಿಕ್ಕಿದ ಹೊತ್ತು ಅದು.

ಮೂರನೇ ಹೆಜ್ಜೆ: ಹೇಳುವುದು

ಇಲ್ಲಿ ಸ್ವಲ್ಪ ನಿಧಾನ ಹೋಗೋಣ. ಹೆಚ್ಚಿನ ಸಂಸ್ಥೆಗಳು ಎಡವುವುದು ಇಲ್ಲೇ.

ಕಾರ್ಕಳ ಕಡೆಯ ಒಂದು ಗೇರುಬೀಜದ ಫ್ಯಾಕ್ಟರಿಯಲ್ಲಿ ಬಣ್ಣ ನೋಡಿ ಬೀಜ ವಿಂಗಡಿಸುವ ಮೆಷಿನ್ ತರುವ ಹೊತ್ತಿನಲ್ಲಿ ನಾನು ಅಲ್ಲಿದ್ದೆ. ಈ ಕೆಲಸ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹಬೆಯಲ್ಲಿ ಬೆಂದ ಬೀಜವನ್ನು ಕಟಿಂಗ್ ಮಾಡಿ ತಿರುಳು ತೆಗೆಯುತ್ತಾರೆ. ಅದನ್ನು ಬೋರ್ಮದಲ್ಲಿ, ಅಂದರೆ ಬಿಸಿಗಾಳಿಯ ಗೂಡಿನಲ್ಲಿ ಒಣಗಿಸಿ, ತೆಳು ಸಿಪ್ಪೆ ಸುಲಿದು, ಆಮೇಲೆ ಗ್ರೇಡಿಂಗ್. ಇಡೀ ಬೀಜ ಬೇರೆ, ಹೋಳು ಬೇರೆ, ಚೂರು ಬೇರೆ. ಇಡೀ ಬೀಜದಲ್ಲೂ ಗಾತ್ರದ ಮೇಲೆ ಗ್ರೇಡ್. ಡಬ್ಲ್ಯೂ 320 ಅಂದರೆ ಒಂದು ಪೌಂಡಿಗೆ 300ರಿಂದ 320 ಬೀಜ ತೂಗುವಂಥದ್ದು. ಉದ್ದ ಮೇಜಿನ ಎರಡೂ ಬದಿಯಲ್ಲಿ ಕೂತ ಹೆಂಗಸರು ಇದನ್ನು ಕಣ್ಣಲ್ಲೇ ಅಳೆದು ಬೇರೆ ಮಾಡುತ್ತಾರೆ. ಬೆರಳು ನಿಲ್ಲುವುದೇ ಇಲ್ಲ. ಕೂಲಿ ಕೆ.ಜಿ. ಲೆಕ್ಕದಲ್ಲಿ.

ಮಾಲೀಕರು ಎಲ್ಲರನ್ನೂ ಅಂಗಳದಲ್ಲಿ ಸೇರಿಸಿ ಮೈಕ್‌ನಲ್ಲಿ ಹೇಳೋಣ ಅಂದುಕೊಂಡಿದ್ದರು. ಹಳೆಯ ಸೂಪರ್‌ವೈಸರ್ ಬೇಡ ಅಂದರು. "ಅಂಗಳದಲ್ಲಿ ಯಾರೂ ಬಾಯಿ ಬಿಡುವುದಿಲ್ಲ ಸರ್, ಬಸ್ಸಿನಲ್ಲಿ ಬಿಡ್ತಾರೆ." ಹಾಗಾಗಿ ಒಂದೊಂದೇ ಮೇಜಿಗೆ ಹೋಗಿ ಸ್ಟೂಲ್ ಹಾಕಿ ಕೂತು ಮಾತಾಡಿದರು. ಮೊದಲ ಮೇಜಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು ಅಂಗೈ ಮೇಲೆ ಒಂದು ಬೀಜ ಇಟ್ಟು ಕೇಳಿದರು. "ಇದರ ಒಳಗೆ ಹುಳ ಉಂಟು. ಹೊರಗೆ ಸರಿ ಉಂಟು. ನಿಮ್ಮ ಮೆಷಿನ್‌ಗೆ ಗೊತ್ತಾಗ್ತದಾ?" ಮಾಲೀಕರು, ಇಲ್ಲ, ಅದಕ್ಕೆ ಬಣ್ಣ ಮಾತ್ರ ಕಾಣುವುದು, ನೀವು ಬೇಕೇ ಬೇಕು ಅಂದರು. ಆಗ ಅವರ ಪಕ್ಕದವರು ನಿಜವಾದ ಪ್ರಶ್ನೆ ಕೇಳಿದರು. "ಮತ್ತೆ ನಮ್ಮ ಕೆ.ಜಿ. ಲೆಕ್ಕ ಎಂಥ ಆಗ್ತದೆ ಸರ್?"

ಸುಲಭದ್ದು ಮೆಷಿನ್ ಮಾಡಿ, ಕಷ್ಟದ್ದು ಮಾತ್ರ ಮೇಜಿಗೆ ಬಂದರೆ, ದಿನಕ್ಕೆ ಆಗುವ ಕೆ.ಜಿ. ಕಡಿಮೆ ಆಗುತ್ತದೆ. ಕೆಲಸ ಉಳಿಯುತ್ತದೆ, ಕೂಲಿ ಇಳಿಯುತ್ತದೆ. ಕಚೇರಿಯಲ್ಲಿ ಯಾರಿಗೂ ಹೊಳೆಯದ ಲೆಕ್ಕ ಅದು. ಮೆಷಿನ್ ಕೊಟ್ಟ ಕಂಪೆನಿಯ ಎಂಜಿನಿಯರಿಗೂ ಹೊಳೆದಿರಲಿಲ್ಲ. ಕೊನೆಗೆ ತೀರ್ಮಾನ ಆದದ್ದು ಹೀಗೆ: ಮೆಷಿನ್ ಹೊಂದಿಕೊಳ್ಳುವ ತನಕ ಹಿಂದಿನ ಮೂರು ತಿಂಗಳ ಸರಾಸರಿಗಿಂತ ಯಾರ ಕೂಲಿಯೂ ಕಡಿಮೆ ಆಗಬಾರದು, ಆಮೇಲೆ ಹೊಸ ದರ ಅವರ ಜೊತೆ ಕೂತೇ ನಿಗದಿ ಮಾಡುವುದು. ಅದನ್ನು ಬರೆದು ಗೋಡೆಗೆ ಹಚ್ಚಿದರು.

ನಿಮ್ಮಲ್ಲಿ ಗೇರುಬೀಜ ಇರಲಿಕ್ಕಿಲ್ಲ. ಆದರೆ ಆ ಕೆ.ಜಿ. ಲೆಕ್ಕದಂಥದ್ದು ಒಂದು ಇದ್ದೇ ಇರುತ್ತದೆ. ಸೇಲ್ಸ್‌ನವರಿಗೆ ಇನ್ಸೆಂಟಿವ್, ಡ್ರೈವರಿಗೆ ಟ್ರಿಪ್ ಬಾಟ, ನರ್ಸಿಗೆ ನೈಟ್ ಅಲವೆನ್ಸ್, ಹೋಟೆಲಿನವರಿಗೆ ಟಿಪ್ಸ್. ಬದಲಾವಣೆ ಮೊದಲು ತಾಗುವುದು ಅಲ್ಲಿಗೆ. ಅದನ್ನು ಕಂಡುಹಿಡಿಯಲಿಕ್ಕೆ ಸಣ್ಣ ಗುಂಪಿನಲ್ಲಿ, ಅವರು ಕೆಲಸ ಮಾಡುವ ಜಾಗದಲ್ಲೇ, ಅವರ ಭಾಷೆಯಲ್ಲೇ ಮಾತಾಡಿ. ತುಳು, ಬ್ಯಾರಿ, ಕೊಂಕಣಿ, ಯಾವುದು ಅವರಿಗೆ ಸಲೀಸೋ ಅದರಲ್ಲಿ. ಈಗ ಉತ್ತರ ಭಾರತದ ಹುಡುಗರೂ ಎಲ್ಲ ಕಡೆ ಇದ್ದಾರೆ, ಅವರಿಗೆ ಹಿಂದಿಯಲ್ಲಿ ಹೇಳುವವರೊಬ್ಬರು ಬೇಕು.

ವಾಟ್ಸಾಪ್ ಗುಂಪಿನಲ್ಲಿ ಶನಿವಾರ ರಾತ್ರಿ ಪಿ.ಡಿ.ಎಫ್. ಹಾಕಿ ಬಿಡುವುದು ಇತ್ತೀಚಿನ ಅಭ್ಯಾಸ. ದಯವಿಟ್ಟು ಮಾಡಬೇಡಿ. ಭಾನುವಾರ ಇಡೀ ಜನ ಅವರವರೊಳಗೆ ಅರ್ಥ ಹಚ್ಚಿಕೊಂಡು, ಸೋಮವಾರ ಬೇರೆಯೇ ಒಂದು ಸುದ್ದಿ ಹಿಡಿದುಕೊಂಡು ಬರುತ್ತಾರೆ. ಮುಖ ನೋಡಿ ಹೇಳಿ, ಆಮೇಲೆ ಬರೆದದ್ದು ಕೊಡಿ. ಕೇಳಿದ ಪ್ರಶ್ನೆಗೆ ಉತ್ತರ ನಿಮ್ಮಲ್ಲಿ ಇಲ್ಲದಿದ್ದರೆ, ಈಗ ಗೊತ್ತಿಲ್ಲ, ಬರುವ ಶುಕ್ರವಾರ ಹೇಳುತ್ತೇನೆ ಅನ್ನಿ. ಶುಕ್ರವಾರ ಉತ್ತರ ಸಿಕ್ಕದಿದ್ದರೂ ಹೋಗಿ, ಇನ್ನೂ ಸಿಕ್ಕಿಲ್ಲ ಎಂದು ಹೇಳಿ ಬನ್ನಿ. ಜನ ಉತ್ತರಕ್ಕಿಂತ ಮೊದಲು ನೋಡುವುದು ನೀವು ಬಂದಿರೋ ಇಲ್ಲವೋ ಎಂದು.

ನಾಲ್ಕನೇ ಹೆಜ್ಜೆ: ಸೂಪರ್‌ವೈಸರ್ ಕೈ ಬಲಪಡಿಸಿ

ಜನರಿಗೆ ಸಂಸ್ಥೆ ಅಂದರೆ ಅವರ ಮೇಲಿನ ಒಬ್ಬ ಮನುಷ್ಯ. ಹೊಸ ಸುದ್ದಿ ಸೂಪರ್‌ವೈಸರಿಗೂ ಕೆಲಸದವರಿಗೂ ಒಂದೇ ಸಭೆಯಲ್ಲಿ ಗೊತ್ತಾದರೆ, ಸಭೆ ಮುಗಿದ ಮೇಲೆ ಕೇಳುವವರಿಗೆ ಅವರು ಏನು ಹೇಳಬೇಕು? ಒಂದು ವಾರ ಮೊದಲೇ ಅವರನ್ನು ಕೂರಿಸಿ ಹೇಳಿ. ಅವರ ಸಿಟ್ಟು, ಅನುಮಾನ ಅಲ್ಲೇ ಹೊರಗೆ ಬರಲಿ. ಅವರ ಕೆಲಸವೂ ಬದಲಾಗುತ್ತದಲ್ವಾ? ಸಣ್ಣ ವಿಷಯಗಳಲ್ಲಿ ತೀರ್ಮಾನ ಮಾಡುವ ಅಧಿಕಾರವನ್ನೂ ಕೊಡಿ: ಅರ್ಧ ದಿನ ರಜೆ, ಶಿಫ್ಟ್ ಅದಲುಬದಲು, ಇಂಥವು. ಒಂದು ಶಿಫ್ಟ್ ಬದಲಿಸಲಿಕ್ಕೂ ಮೇಲೆ ಕೇಳಬೇಕಾದ ಸೂಪರ್‌ವೈಸರ್ ಮಾತನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ಐದನೇ ಹೆಜ್ಜೆ: ಹೊಸ ಕೆಲಸ ಕಲಿಸುವುದು ಕೆಲಸದ ಹೊತ್ತಿನಲ್ಲೇ

ಡ್ಯೂಟಿ ಮುಗಿದ ಮೇಲೆ ಒಂದು ಗಂಟೆ ಟ್ರೈನಿಂಗ್ ಇಟ್ಟರೆ, ಅದರ ಖರ್ಚು ಕೆಲಸದವರ ಮೇಲೆ ಹಾಕಿದ ಹಾಗೆ. ಬಸ್ ತಪ್ಪುತ್ತದೆ, ಮನೆಯಲ್ಲಿ ಮಗು ಕಾಯುತ್ತಿರುತ್ತದೆ. ಕಲಿಯುವ ಹೊತ್ತಿಗೂ ಸಂಬಳ ಇರಬೇಕು.

ಒಂದು ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ ಹೊಸ ಸಾಫ್ಟ್‌ವೇರ್ ಹಾಕಿದ ಮೊದಲ ವಾರ ನೋಡಿದ್ದೇನೆ. ವರ್ಷಗಟ್ಟಲೆ ಅಲ್ಲೇ ಕೂತ ಅಕ್ಕ ಒಬ್ಬರು. ಹಳೆಯ ಸಿಸ್ಟಮ್‌ನಲ್ಲಿ ಕೀಬೋರ್ಡ್ ನೋಡದೆ ಬಿಲ್ ಹೊಡೆಯುತ್ತಿದ್ದವರು. ಈಗ ಎದುರಿಗೆ ಕ್ಯೂ, ಹಿಂದೆ ನಿಂತ ಹೊಸ ಹುಡುಗ "ಅಲ್ಲಿ ಅಲ್ಲ ಮೇಡಂ, ಇಲ್ಲಿ" ಅನ್ನುತ್ತಿದ್ದಾನೆ. ಎಲ್ಲರ ಎದುರು. ಅವರಿಗೆ ಕಲಿಯಲು ಮನಸ್ಸಿಲ್ಲ ಎಂದು ಯಾರೋ ಆಮೇಲೆ ಹೇಳಿದರು. ನಿಜವಾಗಿ ಆದದ್ದು ಅವಮಾನ.

ಅಲ್ಲಿ ಆಮೇಲೆ ಮಾಡಿದ ಬದಲಾವಣೆಯನ್ನೇ ನಾನು ಎಲ್ಲರಿಗೂ ಹೇಳುವುದು. ಒಳಗಿನ ರೂಮಿನಲ್ಲಿ ಒಂದು ಕಂಪ್ಯೂಟರ್ ಇಟ್ಟು, ಸುಳ್ಳು ಹೆಸರಿನ ರೋಗಿಗಳಿಗೆ ಬಿಲ್ ಮಾಡಿ ಅಭ್ಯಾಸ ಮಾಡಲಿಕ್ಕೆ ಬಿಟ್ಟರು. ತಪ್ಪಾದರೆ ಯಾರಿಗೂ ಏನೂ ಆಗುವುದಿಲ್ಲ. ಕಲಿಸಲಿಕ್ಕೆ ಹೊರಗಿನವರ ಬದಲು ಅದೇ ಕೌಂಟರಿನಲ್ಲಿ ಮೊದಲು ಕಲಿತ ಒಬ್ಬರನ್ನು ಕೂರಿಸಿದರು. ಆ ಅಕ್ಕ ಸಣ್ಣ ನೋಟ್‌ಬುಕ್ಕಿನಲ್ಲಿ ಯಾವ ಕೀ ಆದ ಮೇಲೆ ಯಾವ ಕೀ ಎಂದು ಕನ್ನಡದಲ್ಲಿ ಬರೆದುಕೊಂಡರು. ಆ ಪುಟಗಳ ಜೆರಾಕ್ಸ್ ಆಮೇಲೆ ಎಲ್ಲ ಕೌಂಟರಿನಲ್ಲೂ ಇತ್ತು. ವಯಸ್ಸಾದವರು ಕಲಿಯುವುದಿಲ್ಲ ಎನ್ನುವುದು ನನ್ನ ಪ್ರಕಾರ ತಪ್ಪು ತಿಳುವಳಿಕೆ. ಅವರಿಗೆ ಕಲಿಸುವ ರೀತಿ ಬೇರೆ, ಅಷ್ಟೇ. ಅವರಿಗೆ ಗೊತ್ತಿರುವುದನ್ನು ಮೊದಲು ಒಪ್ಪಿಕೊಂಡು, ಅಲ್ಲಿಂದ ಮುಂದೆ ಹೋಗಬೇಕು.

ಆರನೇ ಹೆಜ್ಜೆ: ರಜೆ, ಶಿಫ್ಟ್ ಊರಿನ ಲೆಕ್ಕಕ್ಕೆ ಹೊಂದಲಿ

ಟೆರೆನ್ಸ್ ಮಿಚೆಲ್ ಮತ್ತು ಜೊತೆಯ ಸಂಶೋಧಕರು 2001ರಲ್ಲಿ ಅಮೆರಿಕದಲ್ಲಿ ಒಂದು ವಿಷಯ ತೋರಿಸಿದರು. ಜನ ಕೆಲಸ ಬಿಡುತ್ತಾರೋ ಇಲ್ಲವೋ ಎನ್ನುವುದು ಕೆಲಸದ ಒಳಗಿನ ಸಂಗತಿಗಳ ಮೇಲೆ ಮಾತ್ರ ನಿಂತಿಲ್ಲ, ಹೊರಗಿನ ಬದುಕಿನ ಮೇಲೂ ನಿಂತಿದೆ: ಸಂಬಂಧಗಳು, ಊರಿನ ಜೊತೆಗಿನ ಹೊಂದಾಣಿಕೆ, ಬಿಟ್ಟರೆ ಕಳೆದುಕೊಳ್ಳುವುದು. ಕರಾವಳಿಯಲ್ಲಿ ಇದನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಆದರೂ ಬೆಂಗಳೂರಿನಲ್ಲಿ ಮಾಡಿದ ರಜೆ ಪಟ್ಟಿಯನ್ನೇ ಇಲ್ಲಿ ತಂದು ಹಚ್ಚುವ ಸಂಸ್ಥೆಗಳಿವೆ.

ಕುಟುಂಬದ ಮನೆಯಲ್ಲಿ ದೈವದ ನೇಮ ಇದ್ದರೆ ಮನೆಯವರೆಲ್ಲ ಅಲ್ಲಿರಬೇಕು. ಅದನ್ನು ಇಲ್ಲ ಅನ್ನುವ ಮ್ಯಾನೇಜರ್, ರಜೆ ಉಳಿಸಿ ಮನುಷ್ಯನನ್ನು ಕಳೆದುಕೊಳ್ಳುತ್ತಾನೆ. ನೇಮ, ಕೋಲ, ಯಕ್ಷಗಾನದ ಬಯಲಾಟ ಎಲ್ಲ ಹೆಚ್ಚಾಗಿ ದೀಪಾವಳಿ ಹೊತ್ತಿಗೆ ಶುರುವಾಗಿ ಮೇ ಕೊನೆಯ ಪತ್ತನಾಜೆಗೆ ನಿಲ್ಲುತ್ತವೆ. ಹಾಗಾಗಿ ದೀಪಾವಳಿ ಕಳೆದ ಕೂಡಲೇ ಒಂದು ಗೋಡೆ ಕ್ಯಾಲೆಂಡರ್ ಹಾಕಿ, ಗೊತ್ತಾದ ತಾರೀಕುಗಳನ್ನು ಬರೆಯಲು ಹೇಳಿ. ನೇಮ, ಮದುವೆ, ಕಂಬಳ, ಚರ್ಚಿನ ಹಬ್ಬ, ಉರೂಸ್. ಸೆಪ್ಟೆಂಬರ್ 8ರ ಕ್ರೈಸ್ತರ ಮೊಂತಿ ಹಬ್ಬ, ರಂಜಾನ್ ತಿಂಗಳ ಸಂಜೆಗಳು, ಅಷ್ಟಮಿ ಮರುದಿನದ ವಿಟ್ಲಪಿಂಡಿ, ಎರಡು ವರ್ಷಕ್ಕೊಮ್ಮೆ ಜನವರಿ 18ರ ಉಡುಪಿ ಪರ್ಯಾಯ, ಇವು ಮೊದಲೇ ಗೊತ್ತಿರುವಂಥವು. ಒಬ್ಬರ ಹಬ್ಬಕ್ಕೆ ಇನ್ನೊಬ್ಬರು ಡ್ಯೂಟಿ ಹಿಡಿಯುವುದು ನಮ್ಮಲ್ಲಿ ಇರುವ ಪದ್ಧತಿಯೇ. ಅದನ್ನು ಬರವಣಿಗೆಯಲ್ಲಿ ತಂದರೆ ಯಾರಿಗೂ ಅನ್ಯಾಯ ಆಗುವುದಿಲ್ಲ, ಪ್ರತಿ ಸಲ ಒಬ್ಬರೇ ಬಿಟ್ಟುಕೊಡುವುದು ತಪ್ಪುತ್ತದೆ.

ಮಳೆಗಾಲ ಇನ್ನೊಂದು. ಜೂನ್, ಜುಲೈಯಲ್ಲಿ ರೆಡ್ ಅಲರ್ಟ್ ಬಂದರೆ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಡುತ್ತಾರೆ, ಸುದ್ದಿ ಕೆಲವೊಮ್ಮೆ ಬೆಳಿಗ್ಗೆಯೇ ಸಿಗುವುದು. ಮಗುವನ್ನು ಯಾರ ಹತ್ತಿರ ಬಿಡುವುದು ಎಂದು ತಾಯಿ ಯೋಚಿಸುವ ಹೊತ್ತಿನಲ್ಲಿ ಬಯೋಮೆಟ್ರಿಕ್ ಲೇಟ್ ಮಾರ್ಕ್ ಹಾಕುತ್ತದೆ. ಮಳೆಗಾಲಕ್ಕೆ ಮಾತ್ರ ಅನ್ವಯಿಸುವ ಒಂದು ನಿಯಮ ಮಾಡಿ: ಶಾಲೆಗೆ ರಜೆ ಇದ್ದ ದಿನ ತಡವಾಗಿ ಬರಬಹುದು, ಮನೆಯಿಂದ ಮಾಡುವ ಕೆಲಸ ಇದ್ದರೆ ಮಾಡಬಹುದು, ಮೊದಲೇ ಒಂದು ಮೆಸೇಜ್ ಹಾಕಿದರೆ ಸಾಕು. ಮಲ್ಪೆ, ಮಂಗಳೂರಿನ ಮೀನುಗಾರಿಕೆ ನಂಬಿದ ಐಸ್ ಪ್ಲಾಂಟ್, ಸಾಗಾಟದವರಿಗೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ನಿಷೇಧದ 61 ದಿನ ಕೆಲಸ ಕಡಿಮೆ. ಹೊಸದು ಕಲಿಸಲಿಕ್ಕೆ, ಬಾಕಿ ರಜೆ ಕೊಡಲಿಕ್ಕೆ ಅದಕ್ಕಿಂತ ಒಳ್ಳೆ ಹೊತ್ತು ಸಿಗುವುದಿಲ್ಲ.

ಶಿಫ್ಟ್ ಬದಲಿಸುವ ಮೊದಲು ಬಸ್ ಟೈಮ್ ನೋಡಿ. ಇದು ಬಹಳ ಸಣ್ಣದು ಅನಿಸಬಹುದು. ಸಂಜೆ ಅರ್ಧ ಗಂಟೆ ಮುಂದೆ ಹಾಕಿದರೆ ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಅವರ ಊರಿಗೆ ಹೋಗುವ ಕೊನೆಯ ಬಸ್ ಸಿಗುತ್ತದಾ? ಬಸ್ ಇಳಿದ ಮೇಲೆ ಎಷ್ಟು ದೂರ ನಡೆಯಬೇಕು, ದಾರಿಯಲ್ಲಿ ಲೈಟ್ ಇದೆಯಾ? ಹೆಂಗಸರು ಈ ಕಾರಣಕ್ಕೆ ಕೆಲಸ ಬಿಟ್ಟರೂ ರಾಜೀನಾಮೆ ಪತ್ರದಲ್ಲಿ "ವೈಯಕ್ತಿಕ ಕಾರಣ" ಎಂದೇ ಬರೆಯುತ್ತಾರೆ.

ಏಳನೇ ಹೆಜ್ಜೆ: ದುಡ್ಡಿನ ಮಾತು ನೇರ ಇರಲಿ

ಇದರಲ್ಲಿ ಹೆಚ್ಚು ವಿವರಿಸುವಂಥದ್ದಿಲ್ಲ, ಮಾಡಬೇಕಾದದ್ದು ಮಾತ್ರ ಇದೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ನೇಮಕಾತಿ ಪತ್ರ ಕೊಡಲೇಬೇಕು. ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಕೈಸೇರಬೇಕು. ಹತ್ತು ಜನ ಇದ್ದರೆ ಇ.ಎಸ್.ಐ. (ನೌಕರರ ವಿಮೆ) ಬೇಕು, ತಿಂಗಳಿಗೆ 21,000 ರೂಪಾಯಿ ತನಕ ಸಂಬಳ ಇರುವವರಿಗೆ. ಅದರಲ್ಲಿ ಕೆಲಸದವರ ಪಾಲು ಶೇ. 0.75, ಸಂಸ್ಥೆಯದ್ದು ಶೇ. 3.25. ಇಪ್ಪತ್ತು ಜನ ಇದ್ದರೆ ಪಿ.ಎಫ್. ಬೇಕು. ಹತ್ತು ಜನ ಇರುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ 2013ರ ಕಾಯ್ದೆಯ ಪ್ರಕಾರ ಇರಲೇಬೇಕು. ಅದರ ಅಧ್ಯಕ್ಷೆ ಹಿರಿಯ ಮಹಿಳಾ ಉದ್ಯೋಗಿ ಆಗಿರಬೇಕು, ಸದಸ್ಯರಲ್ಲಿ ಕನಿಷ್ಠ ಅರ್ಧ ಹೆಂಗಸರು ಇರಬೇಕು, ಹೊರಗಿನವರೊಬ್ಬರು ಇರಬೇಕು.

ಕೆಲಸದವರಿಗೆ ಸಂಬಳದ ಚೀಟಿ ಓದಲು ಕಲಿಸಿ. ಎಲ್ಲಿ ಎಷ್ಟು ಕಡಿತ, ಯಾಕೆ. ಪಿ.ಎಫ್. ಪಾಸ್‌ಬುಕ್ ಫೋನಿನಲ್ಲಿ ತೆರೆಯುವುದು ಹೇಗೆ ಎಂದು ಒಂದು ಮಧ್ಯಾಹ್ನ ತೋರಿಸಿಕೊಡಿ. ತಮ್ಮ ಹೆಸರಿನಲ್ಲಿ ದುಡ್ಡು ಬೀಳುತ್ತಿರುವುದನ್ನು ಕಣ್ಣಾರೆ ನೋಡಿದವರಿಗೆ ನಿಮ್ಮ ಬೇರೆ ಮಾತುಗಳ ಮೇಲೂ ನಂಬಿಕೆ ಬರುತ್ತದೆ.

ಎಂಟನೇ ಹೆಜ್ಜೆ: ಹೋಗುವ ಮೊದಲೇ ಕೂತು ಮಾತಾಡಿ

ರಾಜೀನಾಮೆ ಕೊಟ್ಟ ಮೇಲೆ ಎಲ್ಲ ಕಡೆ ಕೇಳುತ್ತಾರೆ, ಯಾಕೆ ಹೋಗುತ್ತೀರಿ ಎಂದು. ಆಗ ಸಿಗುವ ಉತ್ತರ ನಯವಾದದ್ದು, ಉಪಯೋಗಕ್ಕೆ ಬಾರದ್ದು. ಇರುವಾಗಲೇ ಕೇಳಬೇಕು. ವರ್ಷಕ್ಕೆ ಎರಡು ಸಲ, ಪ್ರತಿಯೊಬ್ಬರ ಜೊತೆ, ಅರ್ಧ ಗಂಟೆ. ಬದಲಾವಣೆ ನಡೆಯುತ್ತಿದ್ದರೆ ಮೊದಲ ಮೂರು ತಿಂಗಳಲ್ಲಿ ಒಂದು ಸಲ ಜಾಸ್ತಿ.

ಈ ಮಾತುಕತೆಯಲ್ಲಿ ಇನ್‌ಕ್ರಿಮೆಂಟ್ ವಿಷಯ ಬೇಡ, ಕೆಲಸದ ಕೊರತೆ ಎತ್ತುವುದೂ ಬೇಡ. ಮೇಜಿನ ಆಚೆ ಈಚೆ ಕೂರಬೇಡಿ. ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಾ ಆದರೆ ಒಳ್ಳೆಯದು. "ತೊಂದರೆ ಏನಾದ್ರೂ ಉಂಟಾ?" ಎಂದು ಕೇಳಿದರೆ "ಏನೂ ಇಲ್ಲ ಸರ್" ಎನ್ನುವ ಉತ್ತರವೇ ಬರುವುದು, ನಮ್ಮ ಕಡೆಯವರ ಸ್ವಭಾವ ಅದು. ಬೇರೆ ರೀತಿ ಕೇಳಬೇಕು. ಕಳೆದ ತಿಂಗಳಲ್ಲಿ ಯಾವ ದಿನ ಕೆಲಸ ಮುಗಿಸಿ ಹೋಗುವಾಗ ಖುಷಿ ಇತ್ತು? ಯಾವ ದಿನ ಬೆಳಿಗ್ಗೆ ಬರುವುದೇ ಬೇಡ ಅನಿಸಿತು, ಅವತ್ತು ಏನಾಗಿತ್ತು? ನಿಮಗೆ ಗೊತ್ತಿದ್ದೂ ನಾವು ಉಪಯೋಗಿಸದ ಕೆಲಸ ಯಾವುದಿದೆ? ಈ ಹೊಸ ಸಿಸ್ಟಮ್‌ನಲ್ಲಿ ಒಂದು ವಿಷಯ ಬದಲಿಸುವ ಅಧಿಕಾರ ನಿಮಗೆ ಕೊಟ್ಟರೆ ಏನು ಬದಲಿಸುತ್ತೀರಿ? ಕೊನೆಯ ಪ್ರಶ್ನೆಗೆ ಬರುವ ಉತ್ತರಗಳಲ್ಲಿ ಕೆಲವು ನಾಳೆಯೇ ಮಾಡಬಹುದಾದಂಥವು ಇರುತ್ತವೆ. ಪ್ರಿಂಟರ್ ಆ ಕಡೆ ಇಡಿ, ಕೈಗವಸಿನ ಸೈಜ್ ಸಣ್ಣದು ತರಿಸಿ, ಸ್ಕ್ರೀನ್ ಭಾಷೆ ಕನ್ನಡ ಮಾಡಿ.

ನಿಯಮ ಒಂದೇ. ಕೇಳಿದ ಮೇಲೆ ಒಂದಾದರೂ ಮಾಡಿ, ಹದಿನೈದು ದಿನದೊಳಗೆ. ಆಗದ್ದನ್ನು ಯಾಕೆ ಆಗುವುದಿಲ್ಲ ಎಂದು ಹೋಗಿ ಹೇಳಿ. ಕೇಳಿ ಸುಮ್ಮನಿರುವುದಕ್ಕಿಂತ ಕೇಳದೇ ಇರುವುದು ಲೇಸು.

ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿದ್ದರೆ ಕುಂದುಕೊರತೆ ಸಮಿತಿಯೂ ಕಾನೂನಿನ ಪ್ರಕಾರ ಬೇಕು, ಆಡಳಿತದವರೂ ಕಾರ್ಮಿಕರೂ ಸಮ ಸಂಖ್ಯೆಯಲ್ಲಿ. ಅದು ಕಾಗದದ ಮೇಲೆ ಮಾತ್ರ ಇರದೆ ನಿಜವಾಗಿ ಕೂತು ಮಾತಾಡುವ ಸಮಿತಿ ಆದರೆ, ಹತ್ತಾರು ಜನ ಒಬ್ಬೊಬ್ಬರೇ ಹೇಳಲಾರದ್ದನ್ನು ಒಬ್ಬರು ಎಲ್ಲರ ಪರವಾಗಿ ಹೇಳುತ್ತಾರೆ. ಯೂನಿಯನ್ ಇದ್ದರೆ ಅವರನ್ನು ಮೊದಲ ದಿನದಿಂದಲೇ ಕರೆಯಿರಿ. ಬೀಡಿ, ಹಂಚು, ಬಂದರು, ಬ್ಯಾಂಕು, ಎಲ್ಲದರಲ್ಲೂ ಸಂಘಟನೆ ಕಂಡ ಊರು ನಮ್ಮದು. ಯೂನಿಯನ್ ಅಂದ ಕೂಡಲೇ ಬಾಗಿಲು ಹಾಕುವವರನ್ನು ನೋಡಿದರೆ ನನಗೆ ಬೇಸರ ಆಗುತ್ತದೆ.

ಇದರ ಜೊತೆ ಒಂದು ಸಣ್ಣ ಲೆಕ್ಕ ಇಟ್ಟುಕೊಳ್ಳಿ. ವಿಭಾಗವಾರು ರಜೆ, ತಡವಾಗಿ ಬರುವುದು, ಬಿಟ್ಟು ಹೋದವರು, ಪ್ರತಿ ತಿಂಗಳು. ಇಡೀ ಸಂಸ್ಥೆಯ ಸರಾಸರಿ ನೋಡಿದರೆ ಏನೂ ಕಾಣುವುದಿಲ್ಲ. ಒಂದೇ ವಿಭಾಗದಲ್ಲಿ ಸೋಮವಾರದ ರಜೆ ಏರುತ್ತಿದೆ ಅಂದರೆ ಅಲ್ಲಿ ಹೋಗಿ ಕೂರಬೇಕು, ನೋಟಿಸ್ ಕಳಿಸಬಾರದು.

ಒಂಬತ್ತನೇ ಹೆಜ್ಜೆ: ಹೋಗುವವರನ್ನು ಚೆನ್ನಾಗಿ ಕಳಿಸಿಕೊಡಿ

ಎಷ್ಟೇ ಮಾಡಿದರೂ ಕೆಲವರು ಹೋಗುತ್ತಾರೆ. ದುಬೈ, ಕುವೈತ್, ಬೆಂಗಳೂರು, ಕರಾವಳಿಯ ಮಕ್ಕಳಿಗೆ ಈ ದಾರಿಗಳು ಹೊಸದಲ್ಲ. ಹೋಗುತ್ತೇನೆ ಅಂದವರ ಮೇಲೆ ಮುನಿಸಿಕೊಂಡು, ಕೊನೆಯ ತಿಂಗಳ ಸಂಬಳ ಹಿಡಿದು, ರಿಲೀವಿಂಗ್ ಲೆಟರಿಗೆ ಅಲೆದಾಡಿಸುವ ಚಾಳಿ ಕೆಲವು ಕಡೆ ಇದೆ. ಅದು ಉಳಿದವರೆಲ್ಲ ನೋಡುತ್ತಿರುವಾಗ ಆಗುವುದು. ನಾಳೆ ತಮಗೂ ಹೀಗೇ ಎಂದು ಅವರಿಗೆ ಗೊತ್ತಾಗುತ್ತದೆ, ಮನಸ್ಸು ಅವತ್ತೇ ಅರ್ಧ ಹೊರಗೆ ಹೋಗುತ್ತದೆ.

ಈಗಿನ ವೇತನ ಸಂಹಿತೆಯ ಪ್ರಕಾರ ಕೆಲಸ ಬಿಟ್ಟವರ ವೇತನ ಬಾಕಿಯನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು. ನಿಗದಿತ ಅವಧಿಗೆ ನೇಮಕವಾದವರಿಗೆ ಒಂದು ವರ್ಷ ಆದರೂ ಗ್ರಾಚ್ಯುಟಿ ಇದೆ. ಕಾಯಂ ಕೆಲಸದವರಿಗೆ ಐದು ವರ್ಷದ ನಿಯಮ ಮೊದಲಿನಂತೆಯೇ. ಕೊನೆಯ ದಿನಕ್ಕೆ ಮೊದಲೇ ಲೆಕ್ಕ ತಯಾರಿಟ್ಟುಕೊಳ್ಳಿ: ಬಾಕಿ ಸಂಬಳ, ರಜೆ ದುಡ್ಡು, ಅನುಭವ ಪತ್ರ, ಪಿ.ಎಫ್. ವರ್ಗಾವಣೆಗೆ ಬೇಕಾದ ವಿವರ. ಅವರು ಮಾಡುತ್ತಿದ್ದ ಕೆಲಸವನ್ನು ಇನ್ನೊಬ್ಬರಿಗೆ ತೋರಿಸಿಕೊಡಲು ಕೊನೆಯ ಎರಡು ವಾರ ಬಿಡಿ, ಆ ಹೊತ್ತಿನಲ್ಲಿ ಬೇರೆ ಕೆಲಸ ಹೇರಬೇಡಿ. ಫೋನ್ ನಂಬರ್ ಇಟ್ಟುಕೊಳ್ಳಿ. ಗಲ್ಫಿಗೆ ಹೋದವರಲ್ಲಿ ಕೆಲವು ವರ್ಷದ ನಂತರ ಮರಳಿ ಊರಿಗೆ ಬಂದು ಕೆಲಸ ಹುಡುಕುವವರು ಇದ್ದೇ ಇರುತ್ತಾರೆ. ಅವರಿಗೆ ಅಲ್ಲಿಯ ಯಂತ್ರ, ಅಲ್ಲಿಯ ಸುರಕ್ಷತಾ ಪದ್ಧತಿ ಎಲ್ಲ ಗೊತ್ತಿರುತ್ತದೆ. ನಿಮ್ಮಲ್ಲಿ ಮುಂದಿನ ಬದಲಾವಣೆ ಬರುವಾಗ ಜೊತೆಯವರಿಗೆ ಕಲಿಸಲು ಅಂಥವರು ಸಿಕ್ಕಿದರೆ, ಹಳೆಯ ಸೀನಿಯಾರಿಟಿಯನ್ನು ಎಷ್ಟರ ಮಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತೀರಿ ಎಂದು ಈಗಲೇ ಒಂದು ನಿಯಮ ಬರೆದಿಟ್ಟುಕೊಳ್ಳಿ. ಇಲ್ಲೇ ಉಳಿದವರನ್ನೂ ಕೇಳಿಯೇ ಬರೆಯಿರಿ.